ರುಕ್ಕಮ್ಮನ ಮೂವತ್ತು ಮೈಲಿ

ಆ ಸುದ್ದಿ ಬಂದಾಗ ನಾನು ಹಿತ್ತಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಸಂಕ್ರಾಂತಿ ಕಳೆದರೆ ಸಾಕು, ಹೊಸೂರು ಕೃಷ್ಣಗಿರಿ ಕಡೆ ಮನೆಮನೆಯಲ್ಲೂ ಅದೇ ಕೆಲಸ, ನಿಮಗೂ ಗೊತ್ತಿರುತ್ತದೆ. ಗೋಣಿತಾಟು ಹಾಸಿಕೊಂಡು, ಚಪ್ಪಡಿಯ ಮೇಲೆ ಹಣ್ಣಿಟ್ಟು, ಗುಂಡುಕಲ್ಲಿನಿಂದ ಒಂದು ಏಟು. ನಾರು ಒಂದು ಕಡೆ, ಬೀಜ ಒಂದು ಕಡೆ, ಹಣ್ಣು ಜಾಡಿಗೆ. ಕೈಯೆಲ್ಲ ಅಂಟು. ಅಂಥ ಹೊತ್ತಿಗೇ ಮೂಗಿನ ತುದಿ ಕೆರೆಯಬೇಕು ಅನ್ನಿಸುವುದು, ಅಂಥ ಹೊತ್ತಿಗೇ ಗೋಡೆಯಾಚೆಯಿಂದ ಯಾರಾದರೂ ಕರೆಯುವುದು.

ಕರೆದವಳು ಪಕ್ಕದ ಮನೆಯ ರುಕ್ಕಮ್ಮ. ಊರಿನಲ್ಲಿ ಧರ್ಮಕ್ಕೆ ನಡೆಯುತ್ತಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಮೂವತ್ತೆಂಟು ವಯಸ್ಸು, ನನಗಿಂತ ಗಿಡ್ಡ, ನನ್ನಷ್ಟೇ ದುಂಡಗೆ. ಗಂಡ ಮುನಿರಾಜು ಕೃಷ್ಣಗಿರಿ ಬಸ್ಸಿನ ಕಂಡಕ್ಟರು. ಗೋಡೆಯ ಮೇಲೆ ಗದ್ದವಿಟ್ಟುಕೊಂಡು, “ಅಕ್ಕಾ, ಹೆಸ್ರು ಕೊಟ್ಬುಟ್ಟೆ ಕಣಕ್ಕ,” ಅಂದಳು.

“ಯಾತಕ್ಕೆ?”

“ಓಡಕ್ಕೆ.”

ಗುಂಡುಕಲ್ಲು ನನ್ನ ಹೆಬ್ಬೆಟ್ಟಿನ ಮೇಲೆ ಬಿತ್ತು. ದೇವರ ದಯೆ, ಉಗುರು ಉಳಿಯಿತು.

ಓಟದ ವಿಷಯ ನನಗೆ ಮೊದಲೇ ಗೊತ್ತಿತ್ತು. ಕಾರ್ಖಾನೆಗಳು ಒಂದೊಂದಾಗಿ ನಮ್ಮೂರಿಗೆ ಬರುತ್ತಿದ್ದ ಕಾಲ ಅದು, ಎಂಬತ್ತರ ಆಚೀಚೆ ಅನ್ನಿ. ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹೊರದೇಶ ಕಂಡು ಬಂದ ಒಬ್ಬ ಇಂಜಿನಿಯರು ಇದ್ದರು. ಅಲ್ಲಿ ಗುಮಾಸ್ತರು, ಮೇಷ್ಟ್ರುಗಳು, ಮಕ್ಕಳ ತಾಯಂದಿರು ಎಲ್ಲರೂ ಧರ್ಮಕಾರ್ಯಕ್ಕೆಂದು ಮೈಲಿಗಟ್ಟಲೆ ಓಡುತ್ತಾರಂತೆ. ಓಡಿದ ದೂರಕ್ಕೆ ತಕ್ಕಂತೆ ಊರವರು ಹಣ ಕೊಡುತ್ತಾರಂತೆ. ನಾವೂ ಹೊಸೂರಿನಿಂದ ಕೃಷ್ಣಗಿರಿಗೆ ಓಡೋಣ, ಬಂದ ಹಣದಲ್ಲಿ ಹೆರಿಗೆ ಆಸ್ಪತ್ರೆಗೆ ಒಂದು ಇನ್‌ಕ್ಯುಬೇಟರ್ ತರೋಣ ಎಂದು ಅವರು ಕಾರ್ಖಾನೆಯವರ ಸಂಘದ ಸಭೆಯಲ್ಲಿ ಹೇಳಿದರಂತೆ. ಹಿಂದಿನ ಬೆಂಚಿನಿಂದ ಯಾರೋ, ಓಡಿದರೆ ದುಡ್ಡು ಯಾಕೆ ಕೊಡಬೇಕು, ನಾಯಿ ಅಟ್ಟಿಸಿಕೊಂಡು ಬಂದರೆ ಎಲ್ಲರೂ ಪುಕ್ಕಟೆ ಓಡುತ್ತಾರೆ ಎಂದರಂತೆ. ನಮ್ಮವರು ಇದನ್ನು ಮನೆಗೆ ಬಂದು ಹೇಳಿ ಬಹಳ ನಕ್ಕರು. ಹಿಂದಿನ ಬೆಂಚಿನವರು ಅವರೇ ಎಂದು ನನಗೆ ಆಮೇಲೆ ತಿಳಿಯಿತು.

ಇನ್‌ಕ್ಯುಬೇಟರ್ ಅಂದರೆ ಏನೆಂದು ನನಗೆ ಹೇಳಿಕೊಟ್ಟವಳು ರುಕ್ಕಮ್ಮನೇ. ದಿನ ತುಂಬುವ ಮುಂಚೆ ಹುಟ್ಟಿದ ಕೂಸನ್ನು ತಾಯಿಯ ಹೊಟ್ಟೆಯ ಕಾವಿನಲ್ಲೇ ಇಟ್ಟುಕೊಂಡು ಕಾಯುವ ಗಾಜಿನ ಪೆಟ್ಟಿಗೆ. ಆಗ ಅಂಥದು ಬೇಕಾದರೆ ಬೆಂಗಳೂರಿಗೇ ಹೋಗಬೇಕಿತ್ತು.

ಓಡುವವರು ಅವರವರೇ ಅಂಗಡಿ ಅಂಗಡಿ ತಿರುಗಿ, ಮೈಲಿಗೆ ಇಷ್ಟು ಕೊಡುತ್ತೇವೆಂದು ಬರೆಸಿಕೊಂಡು ಬರಬೇಕು. ರುಕ್ಕಮ್ಮ ಎಣ್ಣೆಗಿರಣಿ ಸಾಹುಕಾರರ ಹತ್ತಿರ ಹೋದಾಗ ಜೊತೆಗೆ ನಾನಿದ್ದೆ. ಅವರು ಕೆಟ್ಟವರಲ್ಲ, ದೀಪಾವಳಿಗೆ ನಮ್ಮ ಬೀದಿಗೆಲ್ಲ ಎಣ್ಣೆ ಕೊಡುತ್ತಿದ್ದವರು. ಆದರೆ ಮಾತಿನಲ್ಲಿ ಕುಟುಕದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಕೋಳಿಮರಿ ಮಾಡೋ ಪೆಟ್ಟಿಗೆ ತರಾನಾ ಅದು?” ಎಂದು ಕೇಳಿದರು.

“ಅದೇ ತರ ಸಾಹುಕಾರ್ರೆ,” ಅಂದಳು ರುಕ್ಕಮ್ಮ. “ನಮ್ಮೂರಲ್ಲಿ ಕೋಳಿಮರಿಗೆ ಐತೆ. ಮಕ್ಕಳಿಗಿಲ್ಲ.”

ಮೂಲೆಯಲ್ಲಿ ಕೂತಿದ್ದ ಗುಮಾಸ್ತ ತಲೆ ಎತ್ತಿದ. ಸಾಹುಕಾರರ ಕಿವಿ ಕೆಂಪಾಯಿತು. ಮೈಲಿ ಗೀಲಿ ಬೇಡ, ಪೆಟ್ಟಿಗೆಯ ಅರ್ಧ ಬೆಲೆ ನಾನೊಬ್ಬನೇ ಕೊಡುತ್ತೇನೆ ಎಂದರು. ಆದರೆ ಅವಳು ಅವಳ ಕಾಲಿನಲ್ಲೇ, ಮಧ್ಯಾಹ್ನ ಒಂದು ಗಂಟೆಯೊಳಗೆ, ಕೃಷ್ಣಗಿರಿ ಮುಟ್ಟಬೇಕು. ಹತ್ತು ಹೆಜ್ಜೆ ಬಸ್ಸಿನಲ್ಲಿ ಕೂತರೂ ಬಿಡಿಗಾಸು ಇಲ್ಲ. “ನಿನ್ ಗಂಡ ಅದೇ ರೂಟಿನ ಕಂಡಕ್ಟರು ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯೇನಮ್ಮ?”

ಕೊಡಬೇಕಾಗಿ ಬರುವುದಿಲ್ಲ ಎನ್ನುವ ಧೈರ್ಯದಿಂದ ಹೇಳಿದ ಮಾತು ಅದು. ನನಗೂ ಅರ್ಥವಾಯಿತು, ರುಕ್ಕಮ್ಮನಿಗೂ ಅರ್ಥವಾಯಿತು. ಉಳಿದ ಹನ್ನೆರಡು ಜನ ಗಂಡಸರು ಓಡಿ ತರುವುದೆಲ್ಲ ಸೇರಿದರೂ ಪೆಟ್ಟಿಗೆಯ ಇನ್ನರ್ಧ ಆಗುತ್ತಿತ್ತು, ಅಷ್ಟೆ. ಬೀದಿಗೆ ಬಂದ ಮೇಲೆ ಅವಳು ಬೇಗ ಬೇಗ ನಡೆಯತೊಡಗಿದಳು. ನಾನು ಹಿಂದೆ ಉಳಿದೆ.

ಹಿಂದೆ ಉಳಿಯುವುದು ನನಗೆ ಹೊಸದಲ್ಲ. ಮಾಲೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಓಡಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಒಂದೇ ಒಂದು ಓಟಕ್ಕೆ ಮಾತ್ರ ಅನುಮತಿ ಇತ್ತು. ಬೆಂಕಿಪೊಟ್ಟಣ ಉಳಿಸಬೇಕೆಂದು ಬೆಳಿಗ್ಗೆ ಎದುರು ಮನೆಯಿಂದ ಕೆಂಡ ತರುವುದು ನನ್ನ ಪಾಲಿನ ಕೆಲಸ. ಬೆರಣಿಯ ತುಂಡಿನ ಮೇಲೆ ಒಂದು ಕೆಂಡ ಇಡುತ್ತಿದ್ದರು. ಮೆಲ್ಲಗೆ ನಡೆದರೆ ಆರಿಹೋಗುತ್ತದೆ, ಜೋರಾಗಿ ಓಡಿದರೆ ಗಾಳಿಗೆ ಉರಿದು ಕೈ ಸುಡುತ್ತದೆ. ಉಫ್ ಉಫ್ ಎಂದು ಊದಿಕೊಂಡು, ಲಂಗ ಒಂದು ಕೈಯಲ್ಲಿ ಎತ್ತಿಕೊಂಡು, ನಡಿಗೆಯೂ ಅಲ್ಲದ ಓಟವೂ ಅಲ್ಲದ ಒಂದು ಧಾಟಿಯಲ್ಲಿ ಬರುತ್ತಿದ್ದೆ. ಒಲೆಯ ಹತ್ತಿರ ಬಂದಾಗ ಕೆಂಡ ಕೆಂಪಗಿದ್ದರೆ ಅಜ್ಜಿ ನನ್ನ ತಲೆ ಮುಟ್ಟುತ್ತಿದ್ದಳು. ಜೀವಮಾನದಲ್ಲಿ ನಾನು ಗೆದ್ದ ಬಹುಮಾನ ಅದೊಂದೇ. ಮದುವೆಯಾಗಿ ಹೊಸೂರಿಗೆ ಬಂದ ಮೇಲೆ ಹಾಲು ಉಕ್ಕಿದಾಗ ಬಿಟ್ಟರೆ ನಾನು ಓಡಿದ್ದಿಲ್ಲ.

ಈಗ ಅಭ್ಯಾಸದ ಪ್ರಶ್ನೆ ಬಂತು. ಗಂಡಸರು ಅವಲಪಲ್ಲಿ ಕಡೆಯ ಮಣ್ಣುದಾರಿಯಲ್ಲಿ ಬನಿಯನ್ ಹಾಕಿಕೊಂಡು ಓಡುತ್ತಿದ್ದರು. ರುಕ್ಕಮ್ಮ ಮೊದಲ ದಿನ ಸೀರೆ ಎತ್ತಿ ಕಟ್ಟಿ ಹೊರಟಳು. ಹಿಂದೆ ನಾಲ್ಕು ನಾಯಿ, ನಾಯಿಗಳ ಹಿಂದೆ ಹಾಲಿನವನು. ಆಸ್ಪತ್ರೆಯಲ್ಲಿ ಏನಾಯಿತು ನರ್ಸಮ್ಮ, ಯಾರಿಗೆ ನೋವು ಬಂತು ಎಂದು ಅವನ ಕೂಗು. ಎರಡನೆಯ ದಿನ ಅರ್ಧ ಬೀದಿ ಬಾಗಿಲಿಗೆ ಬಂತು. ಮೂರನೆಯ ದಿನ ಅವಳು ನನ್ನ ಅಡುಗೆಮನೆಗೆ ಬಂದು ಕೂತು, ಎಲ್ಲಿ ಓಡಲಿ ಅಕ್ಕ ಎಂದು ಕೇಳಿದಳು.

ಉಪಾಯ ಹೇಳಿದವಳು ನಾನೇ. ಹೆಂಗಸು ಎಷ್ಟು ಸುತ್ತಿದರೂ ಯಾಕೆ ಎಂದು ಯಾರೂ ಕೇಳದ ಜಾಗ ಊರಿನಲ್ಲಿ ಒಂದೇ ಇದೆ, ದೇವರ ಗುಡಿ. ಬೆಟ್ಟದ ಬುಡದಲ್ಲಿ ನಮ್ಮ ಈಶ್ವರನ ಗುಡಿ ಇತ್ತು, ಪಕ್ಕದಲ್ಲಿ ನಾಗರಕಲ್ಲುಗಳಿದ್ದ ಅರಳಿಕಟ್ಟೆ. ಎರಡನ್ನೂ ಸೇರಿಸಿ ಒಂದು ಸುತ್ತು. ಬೆಳಗಿನ ಐದೂವರೆಗೆ ನಾನು ಹೂಬುಟ್ಟಿ ಹಿಡಿದುಕೊಂಡು, ಅವಳು ಕ್ಯಾನ್ವಾಸ್ ಬೂಟನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಡುತ್ತಿದ್ದೆವು. ಗುಡಿಯ ಸುತ್ತ ಬರಿಗಾಲು, ಮುಗಿದ ಮೇಲೆ ಬೆಟ್ಟದ ಹಿಂದಿನ ದಾರಿಯಲ್ಲಿ ಬೂಟು.

ದಿನಕ್ಕೆ ನೂರೆಂಟು ಸುತ್ತು. ಜೊತೆಗೆ ನಾನೂ ಸುತ್ತಿ ಪುಣ್ಯ ಕಟ್ಟಿಕೊಳ್ಳೋಣವೆಂದು ಹೊರಟು ಏಳನೆಯ ಸುತ್ತಿಗೆ ಕಟ್ಟೆಯ ಮೇಲೆ ಕೂತೆ. ಆಮೇಲೆ ಎಣಿಸುವ ಕೆಲಸ ನನ್ನದಾಯಿತು. ಮಡಿಲಲ್ಲಿ ನೂರೆಂಟು ಹುಣಸೆಬೀಜ. ಒಂದು ಸುತ್ತಿಗೆ ಒಂದು ಬೀಜ ಎಡದಿಂದ ಬಲಕ್ಕೆ. ಮಾತಿಗೆ ಯಾರಾದರೂ ಸಿಕ್ಕಿದರೆ ನನ್ನ ಕೈ ನಿಂತುಬಿಡುತ್ತಿತ್ತು. ಹಾಗಾಗಿ ಎಷ್ಟೋ ದಿನ ರುಕ್ಕಮ್ಮ ನೂರಿಪ್ಪತ್ತು, ನೂರಮೂವತ್ತು ಸುತ್ತಿದ್ದಾಳೆ. ಇವತ್ತು ಯಾಕೋ ಮುಗೀತಾನೇ ಇಲ್ವಲ್ಲಕ್ಕ ಅನ್ನುತ್ತಿದ್ದಳು. ಶ್ರದ್ಧೆ ಇದ್ದರೆ ಮುಗಿಯುತ್ತದೆ ಎಂದು ನಾನು ಹೇಳುತ್ತಿದ್ದೆ.

ದೇವರ ಪ್ರದಕ್ಷಿಣೆಯನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಪಾಪ ಬರುತ್ತದೋ ಏನೋ ಎಂಬ ಹೆದರಿಕೆಯೂ ನನಗಿತ್ತು. ಒಂದು ದಿನ ಅರ್ಚಕರನ್ನು ಕೇಳಿಯೇಬಿಟ್ಟೆ. ಅವರು ಗಂಧ ತೇಯುವುದನ್ನು ನಿಲ್ಲಿಸದೆ, “ಸುತ್ತೋದು ನಿಮ್ ಕೆಲ್ಸ, ಯಾಕೆ ಅಂತ ಕೇಳೋದು ಆತನ ಕೆಲ್ಸ. ನಂದು ಮಂಗಳಾರತಿ. ಅದ ತಗೊಂಡು ಹೋಗಿ, ಹಂಗೇ ಓಡೋಗ್ಬೇಡಿ,” ಎಂದರು.

ಪಾಪ ಬಂದದ್ದು ಅಲ್ಲಿಂದಲ್ಲ, ನನ್ನ ಬಾಯಿಂದ. ಗುಡಿಯ ಬಾಗಿಲಲ್ಲಿ ಹೂವು ಮಾರುತ್ತಿದ್ದ ಚಿನ್ನಮ್ಮ ಶೂಳಗಿರಿಯವಳು. ಬೆಳಗಿನ ಮೊದಲ ಬಸ್ಸಿಗೆ ಬುಟ್ಟಿ ತರುತ್ತಿದ್ದಳು. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಮಾಲೆಯಲ್ಲಿ ಕಟ್ಟಿ ಮಾತಾಡುವವಳು. ನರ್ಸಮ್ಮ ಯಾಕೆ ಹಿಂಗೆ ಸುತ್ತುತ್ತಾಳೆ ಎಂದು ಅವಳು ದಿನವೂ ಕೇಳುತ್ತಿದ್ದಳು. ಓಟ, ಮೈಲಿ, ಧರ್ಮದ ಹಣ ಎಂದೆಲ್ಲ ಬಿಡಿಸಿ ಹೇಳಲು ಸೋಮಾರಿತನ. “ಮಕ್ಕಳಿಗೋಸ್ಕರ ಒಂದು ಹರಕೆ ಕಣಮ್ಮ,” ಅಂದುಬಿಟ್ಟೆ. ಅರಳಿಕಟ್ಟೆ ಸುತ್ತುವ ಹೆಂಗಸಿನ ಬಗ್ಗೆ ಅದಕ್ಕಿಂತ ಸುಲಭವಾಗಿ ನಂಬುವ ಮಾತು ಇನ್ನೊಂದಿಲ್ಲ. ಆಮೇಲೆ ಓಟದ ದಿನವನ್ನೂ ಹೇಳಿದೆ: ಯುಗಾದಿಗೆ ಮುಂಚಿನ ಭಾನುವಾರ ಕೃಷ್ಣಗಿರಿವರೆಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದು. ಚಿನ್ನಮ್ಮ ಎರಡೂ ಕೈ ಎತ್ತಿ ಮುಗಿದಳು. ನನಗೆ ಒಂದು ಚೂರು ಚುರುಕ್ ಅಂದಿತು. ಅವಳು ಅವತ್ತು ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು, ಮುಡಿದುಕೊಂಡೆ.

ರುಕ್ಕಮ್ಮನಿಗೆ ಈ ಓಟ ಯಾಕೆ ಇಷ್ಟು ಬೇಕಾಗಿದೆ ಎಂದು ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಒಂದು ಭಾನುವಾರ ಸಾನಮಾವು ಕಾಡಿನ ಕಡೆಯ ರಸ್ತೆಯಲ್ಲಿ ಅವಳು ಓಡುವುದು, ಹಿಂದೆ ನಮ್ಮವರ ಸ್ಕೂಟರಿನಲ್ಲಿ ನಾನು ನೀರಿನ ಕೂಜ ಹಿಡಿದುಕೊಂಡು ಬರುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ಒಂದು ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಆನೆ, ಪಕ್ಕದಲ್ಲಿ ಮರಿ. ನಮ್ಮವರು ಸ್ಕೂಟರ್ ಆರಿಸಿದರು. ಮೂವರೂ ಒಂದು ಬಂಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತೆವು. ತಾಯಿ ಆನೆ ಮರಿಯನ್ನು ಕಾಲಿನ ಸಂದಿಗೆ ತಳ್ಳಿಕೊಂಡು, ಯಾರ ಹಂಗೂ ಇಲ್ಲದೆ ನಿಂತೇ ಇತ್ತು. ಆಗ ರುಕ್ಕಮ್ಮ ಪಿಸುಮಾತಿನಲ್ಲಿ ಹೇಳಿದ್ದು.

ಹಿಂದಿನ ವರ್ಷ ತಳಿ ಕಡೆಯ ಒಬ್ಬಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತಂತೆ. ಅಂಗೈ ಅಗಲದ ಹೆಣ್ಣುಕೂಸು, ಉಸಿರು ಚೆನ್ನಾಗಿತ್ತು. ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಎರಡು ಪಕ್ಕದಲ್ಲಿಟ್ಟು, ಎದೆಗೆ ಕಟ್ಟಿಕೊಂಡು ಇವಳೇ ಬೆಂಗಳೂರಿನ ಬಸ್ಸು ಹತ್ತಿದಳು. ಮಾರ್ಗಶಿರದ ಚಳಿ. “ಅತ್ತಿಬೆಲೆ ದಾಟೋವಾಗ ಬಾಟ್ಲಿ ತಣ್ಣಗಾಯ್ತು ಅಕ್ಕ. ಆಮೇಲೆ ಕೂಸು ತಣ್ಣಗಾಯ್ತು. ಟಿಕೇಟು ತಗೊಂಡಿದ್ನಲ್ಲ, ಕೊನೇ ಸ್ಟಾಪ್‌ವರ್ಗೂ ಹಂಗೇ ಕೂತಿದ್ದೆ.”

ನಾನು ಅವಳ ಕೈ ಹಿಡಿದುಕೊಂಡೆ. ಆನೆ ಕಾಡಿಗೆ ಇಳಿಯಿತು. ಅವಳು ಎದ್ದು ಸೀರೆ ಕೊಡವಿಕೊಂಡು ಮತ್ತೆ ಓಡಿದಳು.

ಅವತ್ತಿನಿಂದ ನಾನು ಬೀಜವನ್ನು ಸರಿಯಾಗಿ ಎಣಿಸಿದೆ. ಬೆಳಿಗ್ಗೆ ರಾಗಿ ಅಂಬಲಿ, ಸಂಜೆ ಹುರುಳಿಕಟ್ಟು ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಮುನಿರಾಜು ಮಾತ್ರ ಹೆಂಡತಿಯನ್ನು ರೇಗಿಸುವುದು ಬಿಡಲಿಲ್ಲ. ಇಷ್ಟು ವರ್ಷ ಪುಕ್ಕಟೆ ಪಾಸಿದ್ದೂ ಓಡಿಕೊಂಡು ಹೋಗುವ ಕಂಡಕ್ಟರನ ಹೆಂಡತಿ ತಮಿಳುನಾಡಿನಲ್ಲೇ ಇವಳೊಬ್ಬಳು ಎನ್ನುತ್ತಿದ್ದ. ರಾತ್ರಿ ಅವಳ ಕಾಲಿಗೆ ಹರಳೆಣ್ಣೆ ತಿಕ್ಕುವವನೂ ಅವನೇ ಎಂದು ನಮ್ಮ ಗೋಡೆಗೆ ಗೊತ್ತಿತ್ತು.

ಓಟಕ್ಕೆ ಎರಡು ದಿನ ಮುಂಚೆ ಸಂಘದವರು ಗಂಡಸರಿಗೆಲ್ಲ ಹಳದಿ ಬನಿಯನ್ ಕೊಟ್ಟರು. ಹೆಂಗಸಿಗೆ ಏನು ಕೊಡಬೇಕೆಂದು ಅವರಿಗೆ ತೋಚಲಿಲ್ಲ. ಅದಕ್ಕೇನಂತೆ ಎಂದು ನಾನು ನನ್ನ ಒಂದು ಬಿಳಿ ನೂಲಿನ ಸೀರೆಯನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದೆ. ಬಣ್ಣ ಬಹಳ ಚೆನ್ನಾಗಿ ಬಂತು. ನನ್ನ ಕೈಕೆಲಸವನ್ನು ನಾನೇ ಮೆಚ್ಚಿಕೊಂಡೆ. ಅರಿಸಿನದ ಸೀರೆ ಉಟ್ಟು ದಾರಿಯಲ್ಲಿ ಹೋಗುವ ಹೆಂಗಸನ್ನು ನಮ್ಮ ಜನ ಏನೆಂದು ತಿಳಿಯುತ್ತಾರೆ ಎನ್ನುವುದು, ವರ್ಷಕ್ಕೆ ನಾಲ್ಕು ಹರಕೆ ಹೊರುವ ನನಗೇ ಹೊಳೆಯಲಿಲ್ಲ ನೋಡಿ.

ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟರು, ಹನ್ನೆರಡು ಗಂಡಸರು, ಒಬ್ಬಳು ಹೆಂಗಸು. ಅವಳ ಜೊತೆಗಿರಲೆಂದು ನನ್ನನ್ನು ಸಂಘದ ವ್ಯಾನಿನಲ್ಲಿ ಕೂರಿಸಿಕೊಂಡರು. ದೇವರ ದಯೆ, ಮೋಡವಿತ್ತು. ಮೊದಲ ಐದಾರು ಮೈಲಿ ನಾನು ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಾ ಕೂತಿದ್ದೆ. ಬೆಳಕು ಹರಿದಾಗ ಮುಂದಿನ ಹಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ ಹೆಂಗಸರ ಗುಂಪು ಕಂಡಿತು. ಎಲ್ಲರ ಸೊಂಟದಲ್ಲೂ ಕೊಡ. ಎಷ್ಟು ಒಳ್ಳೆಯ ಜನ, ಕುಡಿಯಲು ನೀರು ತಂದಿದ್ದಾರೆ ಎಂದುಕೊಂಡೆ.

ಗಂಡಸರನ್ನು ಹಾಗೇ ಬಿಟ್ಟರು. ರುಕ್ಕಮ್ಮನನ್ನು ತಡೆದರು. ಬೂಟು ಬಿಚ್ಚಿಸಿ, ಪಾದಕ್ಕೆ ಅರಿಸಿನದ ನೀರು ಹುಯ್ದು, ಕುಂಕುಮವಿಟ್ಟು, ಒಬ್ಬೊಬ್ಬರಾಗಿ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೂವಿನ ಚಿನ್ನಮ್ಮ ಬಸ್ಸಿನಲ್ಲಿ ಹೇಳಿದ್ದಳಂತೆ: ಮಕ್ಕಳಿಗೋಸ್ಕರ ಹರಕೆ ಹೊತ್ತ ತಾಯಿ ಬರುತ್ತಾಳೆ, ಅವಳ ಕಾಲಿಗೆ ನೀರು ಹಾಕಿದವರ ಮಕ್ಕಳು ಉಳಿಯುತ್ತಾರೆ ಎಂದು. ಎರಡನೆಯ ಮಾತು ನಾನು ಹೇಳಿದ್ದಲ್ಲ. ಮೊದಲನೆಯದು ಹೇಳಿದ್ದೆನಲ್ಲ.

ರುಕ್ಕಮ್ಮ ಬೂಟಿನ ದಾರ ಕಟ್ಟಿಕೊಳ್ಳುತ್ತಾ ವ್ಯಾನಿನ ಕಡೆ ನೋಡಿದಳು. “ಯಾರಕ್ಕ ಹೇಳಿದ್ದು ಇವ್ರಿಗೆಲ್ಲ?”

ನಾನು ಗ್ಲೂಕೋಸ್ ಕಲಕುವುದರಲ್ಲಿ ಬಹಳ ಮಗ್ನಳಾದೆ.

ಮುಂದಿನ ಊರಿನಲ್ಲೂ ಕೊಡ. ಅದರ ಮುಂದಿನದರಲ್ಲೂ ಕೊಡ. ತಪ್ಪಿಸಿಕೊಂಡು ಹೋಗಲು ಅವಳಿಗೆ ಮನಸ್ಸು ಬರಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದವರ ಮುಂದೆ ಹೇಗೆ ಓಡಿಬಿಡುವುದು? ಪ್ರತಿ ಸಲ ದಾರ ಬಿಚ್ಚುವುದು, ಕಟ್ಟುವುದು. ಒದ್ದೆ ಪಾದ, ಒದ್ದೆ ಬೂಟು, ಕೆಳಗೆ ಒರಟು ಟಾರು. ಶೂಳಗಿರಿ ತಲುಪಿದಾಗ ಒಂಬತ್ತೂವರೆ ದಾಟಿತ್ತು. ಮೈಲಿಗಲ್ಲಿನ ಮೇಲೆ ಕೂತು ಬೂಟು ತೆಗೆದಳು. ಅಂಗಾಲಿನ ಚರ್ಮ ನೆನೆದ ಕಾಗದದ ಹಾಗೆ ಎದ್ದು ಬಂದಿತ್ತು. ಇನ್ನೂ ಹದಿನಾಲ್ಕು ಮೈಲಿ ಬಾಕಿ.

ಸಾಹುಕಾರರ ಅಂಬಾಸಿಡರ್ ಆಗಲೇ ಅಲ್ಲಿ ನಿಂತಿತ್ತು. ಅವಳು ಬಸ್ಸು ಹತ್ತುತ್ತಾಳೋ ಎಂದು ನೋಡಲು ಬಂದಿದ್ದರು. ಹೊಸೂರಿನಿಂದ ಮುನಿರಾಜುವಿನ ಬಸ್ಸೂ ಬಂತು. ಅವನು ಫುಟ್‌ಬೋರ್ಡಿನಿಂದ ಹಾರಿ ಬಂದು ಆ ಕಾಲನ್ನು ನೋಡಿದ. ತಮಾಷೆಯೆಲ್ಲ ಇಳಿದುಹೋಯಿತು.

“ಸಾಕು ಬಾ, ರುಕ್ಕು. ಹತ್ತು.”

“ಹತ್ತಿದ್ರೆ ಅರ್ಧ ಪೆಟ್ಟಿಗೆ ಹೋಯ್ತದೆ,” ಅಂದಳು ಅವಳು. “ಅರ್ಧ ಪೆಟ್ಟಿಗೇಲಿ ಕೂಸು ಇಡಕ್ಕಾಗಲ್ಲ.”

ಅಷ್ಟರಲ್ಲಿ ಚಿನ್ನಮ್ಮನನ್ನು ಮುಂದಿಟ್ಟುಕೊಂಡು ಶೂಳಗಿರಿಯ ಹೆಂಗಸರು ಬಂದರು. ನಲವತ್ತು ಜನವಾದರೂ ಇದ್ದರು. ನಲವತ್ತು ಕೊಡ. ವ್ಯಾನಿನಿಂದ ಇಳಿದು, ಅವರಿಗೂ ಅವಳಿಗೂ ನಡುವೆ ಹೋಗಿ ನಿಂತೆ. ನಾಲ್ಕು ಜನರೆದುರು ಮಾತಾಡಿ ಗೊತ್ತಿಲ್ಲದವಳು ನಾನು. ಹರಕೆ ಇಲ್ಲ, ಏನಿಲ್ಲ, ಇದು ಓಟ, ಆಸ್ಪತ್ರೆಗೆ ಒಂದು ಪೆಟ್ಟಿಗೆ ತರಲು, ಒಂದು ಗಂಟೆಯೊಳಗೆ ಕೃಷ್ಣಗಿರಿ ಸೇರದಿದ್ದರೆ ಪೆಟ್ಟಿಗೆ ಇಲ್ಲ, ನೀರು ಬಿದ್ದು ಬಿದ್ದು ಅವಳ ಕಾಲು ಹೋಯಿತು, ಸುಳ್ಳು ಹೇಳ್ದೋಳು ನಾನು. ಇಷ್ಟನ್ನೂ ಹಿಂದುಮುಂದಾಗಿ ಹೇಳಿದೆ.

ಚಿನ್ನಮ್ಮ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. “ಗುಡಿ ಮುಂದೆ ನಿಂತ್ಕಂಡು ಹೇಳಿದ್ಯಲ್ಲಮ್ಮ.”

“ಹೇಳಿದೆ.”

ಮುಂದೆ ನಿಂತಿದ್ದ ಒಬ್ಬಳು, ಇನ್ನೂ ಇಪ್ಪತ್ತೆರಡು ದಾಟಿರದ ಹುಡುಗಿ, ನನ್ನನ್ನು ಬಳಸಿಕೊಂಡು ಬಂದು ನೇರವಾಗಿ ರುಕ್ಕಮ್ಮನನ್ನೇ ಕೇಳಿದಳು: “ಆ ಪೆಟ್ಟಿಗೇಲಿ ಇಕ್ಕಿದ್ರೆ ಬದುಕ್ತವಾ?”

ಹೌದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ರುಕ್ಕಮ್ಮ, “ಎಲ್ಲಾನೂ ಬದುಕಲ್ಲ. ಬಾಳ ಬದುಕ್ತವೆ,” ಅಂದಳು.

“ನಂದು ಎರಡು ಹೋದವು,” ಅಂದಳು ಹುಡುಗಿ. ಅಂದವಳು ಕೊಡವನ್ನು ನೆಲಕ್ಕಿಟ್ಟಳು. ರಸ್ತೆಯ ಮೇಲೇ ಕೂತು ರುಕ್ಕಮ್ಮನ ಎರಡೂ ಪಾದವನ್ನು ಮಡಿಲಿಗೆ ತೆಗೆದುಕೊಂಡು ಸೆರಗಿನಿಂದ ಒರೆಸತೊಡಗಿದಳು, ಎಣ್ಣೆನೀರು ಹಾಕಿದ ಕೂಸನ್ನು ಒರೆಸುವ ಹಾಗೆ, ಬೆರಳಸಂದಿಯನ್ನೂ ಬಿಡದೆ. ಇನ್ನೊಬ್ಬಳು ಓಡಿಹೋಗಿ ಹರಳೆಣ್ಣೆ ತಂದಳು. ಯಾರದೋ ಮೆತ್ತನೆಯ ಹಳೆಯ ಪಂಚೆ ಚರ್ರೆಂದು ಹರಿಯಿತು. ಪಟ್ಟಿ ಕಟ್ಟಿದರು. ಬೂಟು ವ್ಯಾನಿಗೆ ಹೋಯಿತು.

ಚಿನ್ನಮ್ಮ ಮುನಿರಾಜುವಿನ ಬಸ್ಸು ಹತ್ತಿದಳು. ಟಿಕೇಟು ಕೇಳಬೇಡ ಎಂದು ಮೊದಲೇ ಹೇಳಿ, ಫುಟ್‌ಬೋರ್ಡಿನಲ್ಲಿ ನಿಂತು ನನ್ನತ್ತ ತಿರುಗಿದಳು. “ಮುಂದ್ಲ ಊರ್ಗೋಳ್ಗೆಲ್ಲ ನಾನೇ ಹೇಳಿದ್ದು. ನಾನೇ ಹೋಗಿ ಬಿಡಿಸಿ ಹೇಳ್ಬುಟ್ಟು ಬತ್ತೀನಿ.” ಬಸ್ಸು ಹೊರಟಿತು.

ಅಲ್ಲಿಂದ ಮುಂದೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಹೇಳಿದರೆ ಕಟ್ಟುಕಥೆಯೆನ್ನಿಸುತ್ತದೆ. ಪ್ರತಿ ಊರಿನಲ್ಲೂ ಹೆಂಗಸರು ಬಂದಿದ್ದರು. ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಕೊಡಗಳೆಲ್ಲ ನೆಲದ ಮೇಲೆ, ಅವರವರ ಪಾದದ ಪಕ್ಕದಲ್ಲಿ. ಯಾರೂ ಮುಂದೆ ಬರಲಿಲ್ಲ. ಯಾರೂ ಅವಳನ್ನು ಮುಟ್ಟಲಿಲ್ಲ. ಯಾರೂ ಕೂಗಲಿಲ್ಲ. ಅವಳು ಹತ್ತಿರ ಬಂದಾಗ ಕೈ ಮುಗಿಯುತ್ತಿದ್ದರು, ದಾಟಿದ ಮೇಲೆ ಕೈ ಇಳಿಸುತ್ತಿದ್ದರು. ಹೊಲದ ನಡುವೆ, ಯಾವ ಊರೂ ಇಲ್ಲದ ಕಡೆ, ಒಬ್ಬಳು ಮುದುಕಿ ಒಂದೇ ಒಂದು ಚೊಂಬನ್ನು ಮುಂದಿಟ್ಟುಕೊಂಡು ನಿಂತಿದ್ದಳು. ಅವಳು ಎಷ್ಟು ದೂರದಿಂದ ನಡೆದು ಬಂದಿದ್ದಳೋ. ನೀರು ಹುಯ್ಯುವುದಕ್ಕೆಂದು ಬಂದವರು ಹುಯ್ಯದೆ ನಿಲ್ಲುವುದು ಅಷ್ಟು ಸುಲಭವಲ್ಲ. ಹರಕೆ ಕಟ್ಟಿಕೊಂಡು ಬಲ್ಲವರಿಗೆ ಅದು ಗೊತ್ತು.

ನಾನು ದಿನಾ ಎರಡು ಹೊತ್ತು ದೀಪ ಹಚ್ಚುವವಳು. ದೇವರು ಎಲ್ಲ ಕಡೆ ಇದ್ದಾನೆ ಎಂದು ಬಾಯಲ್ಲಿ ಹೇಳಿಕೊಂಡು ಬಂದಿದ್ದೆ. ಆ ಹದಿನಾಲ್ಕು ಮೈಲಿ ನನಗೆ ಯಾವ ನಾಮವೂ ನೆನಪಿಗೆ ಬರಲಿಲ್ಲ. ಕೈ ಮಾತ್ರ ಮುಗಿದೇ ಇತ್ತು.

ರುಕ್ಕಮ್ಮ ಓಡುತ್ತಿದ್ದಳು ಎನ್ನಲಾರೆ. ನೂರು ಹೆಜ್ಜೆ ಓಡುವುದು, ನೂರು ಹೆಜ್ಜೆ ನಡೆಯುವುದು. ಬಾಯಲ್ಲಿ ಎಣಿಕೆ. ಪಟ್ಟಿ ಕೆಂಪಾಗುತ್ತಾ ಬಂತು. ಸಾಹುಕಾರರ ಕಾರು ಅವಳ ಹಿಂದೆಯೇ, ಅವಳ ವೇಗದಲ್ಲೇ ತೆವಳುತ್ತಿತ್ತು. ಮೊದಲು ಹಾರ್ನ್ ಬಾರಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಒಂದು ಕಡೆ ಮರಳಿನ ಲಾರಿ ಹಿಂದಿನಿಂದ ಅರಚಿದಾಗ ಸಾಹುಕಾರರೇ ಇಳಿದು ಹೋಗಿ ಡ್ರೈವರನನ್ನು ಬೈದು ಬಂದರು.

ಕೃಷ್ಣಗಿರಿಯ ಕೋಟೆಬೆಟ್ಟ ಕಂಡಾಗ ಮೋಡ ಸರಿದು ಬಿಸಿಲು ಬಂತು. ಊರಿನ ಮೊದಲ ಮನೆಗಳ ಹತ್ತಿರ ಅವಳು ಒಮ್ಮೆ ನಿಂತು, ಎರಡೂ ಕೈಯನ್ನು ಮಂಡಿಯ ಮೇಲೆ ಊರಿ ಬಗ್ಗಿದಳು. ನಾನು ಇಳಿಯಹೋದೆ. ಬೇಡ ಎಂದು ತಲೆ ಎತ್ತದೆ ಕೈ ಆಡಿಸಿದಳು. ಎದ್ದಳು. ಸಂಘದವರು ಕಟ್ಟಿದ್ದ ಹಗ್ಗವನ್ನು ಅವಳು ದಾಟಿದಾಗ ಇಂಜಿನಿಯರರ ಕೈಗಡಿಯಾರದಲ್ಲಿ ಒಂದು ಗಂಟೆಗೆ ಹತ್ತು ನಿಮಿಷವಿತ್ತು. ಹನ್ನೆರಡು ಗಂಡಸರಲ್ಲಿ ಮುಂಚೆ ಬಂದು ಕೂತಿದ್ದವರು ನಾಲ್ವರು, ಉಳಿದವರು ಇನ್ನೂ ಹಿಂದೆ ನಡೆದು ಬರುತ್ತಿದ್ದರು. ಎಲ್ಲರೂ ಎದ್ದು ನಿಂತರು.

ಸಾಹುಕಾರರು ಕಾರಿನಿಂದ ಇಳಿದು ಅವಳ ಹತ್ತಿರ ಬಂದರು. ಏನನ್ನುತ್ತಾರೋ ಎಂದು ನಾನು ಹೆದರಿದ್ದೆ. “ಇಪ್ಪತ್ತು ವರ್ಷದಿಂದ ಈ ರೋಡಲ್ಲಿ ಲಾರಿ ಓಡಿಸ್ತಿದೀನಿ ತಾಯಿ,” ಎಂದರು. “ಇಷ್ಟುದ್ದ ಐತೆ ಅಂತ ಇವತ್ತು ಗೊತ್ತಾಯ್ತು.” ಹಣವನ್ನು ಮಾರನೆಯ ದಿನವೇ ಆಸ್ಪತ್ರೆಗೆ ಕಳಿಸಿದರು.

ಪೆಟ್ಟಿಗೆ ಬರುವುದಕ್ಕೆ ಅದು ಇದು ಎಂದು ಆರು ತಿಂಗಳು ಹಿಡಿಯಿತು. ಬಂದ ಮೇಲೂ ಅದಕ್ಕೆ ಕೆಲಸ ಬೀಳಲಿಲ್ಲ. ಯಾವ ಕೂಸಿಗೂ ಅದು ಬೇಕಾಗದಿರಲಿ ಎಂದು ಬೇಡಿಕೊಳ್ಳುವುದೋ, ಬೇಗ ಒಂದು ಬರಲಿ ಎಂದು ಬೇಡಿಕೊಳ್ಳುವುದೋ ತಿಳಿಯದೆ, ದೀಪದ ಮುಂದೆ ಆ ವಿಷಯ ಎತ್ತುವುದನ್ನೇ ನಾನು ಬಿಟ್ಟಿದ್ದೆ.

ಮಾರ್ಗಶಿರದಲ್ಲಿ ಬಂತು. ಗಂಡುಕೂಸು, ಏಳೂವರೆ ತಿಂಗಳದು. ರುಕ್ಕಮ್ಮ ಮೂರು ದಿನ ಮನೆಗೆ ಬರಲಿಲ್ಲ. ಮುನಿರಾಜು ಊಟದ ಕ್ಯಾರಿಯರ್ ಕೊಟ್ಟು ಬರುತ್ತಿದ್ದ. ಏನಂತೆ ಎಂದು ಕೇಳಿದರೆ, ಇನ್ನೂ ಐತಂತೆ ಅನ್ನುತ್ತಿದ್ದ, ಅಷ್ಟೆ. ನಾಲ್ಕನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳೇ ಬಂದಳು. ತನ್ನ ಮನೆಯ ಬಾಗಿಲು ತೆಗೆಯದೆ ನೇರ ನನ್ನ ಅಡುಗೆಮನೆಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ಕಾಲು ಚಾಚಿ ಕೂತಳು.

“ಇವತ್ತು ಅತ್ತಿತು ಅಕ್ಕಾ,” ಅಂದಳು. “ಇಷ್ಟು ದಿನ ಕುಂಯ್ ಕುಂಯ್ ಅಂತಿತ್ತು. ಇವತ್ತು ವಾರ್ಡೆಲ್ಲ ಕೇಳೋ ಹಂಗೆ ಅತ್ತಿತು.”

ಕಾಫಿ ಕೊಡಲೇ ಎಂದು ಕೇಳುವಷ್ಟರಲ್ಲಿ ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತ್ತು. ನಾನು ಅವಳನ್ನು ಎಬ್ಬಿಸಲಿಲ್ಲ. ಅವಳ ಕಾಲನ್ನು ಮೆಲ್ಲಗೆ ದಾಟಿಕೊಂಡು ಒಲೆಯ ಹತ್ತಿರ ಹೋದೆ. ಹಾಲಿಗೆ ಹೆಪ್ಪು ಹಾಕುವುದು ಬಾಕಿ ಇತ್ತು. ಕಿರುಬೆರಳು ಅದ್ದಿ ನೋಡಿದೆ, ಹದವಾದ ಬಿಸಿ. ಒಂದು ಚಮಚ ಮಜ್ಜಿಗೆ ಬಿಟ್ಟು, ತಟ್ಟೆ ಮುಚ್ಚಿ, ಹೊಸೂರಿನ ಚಳಿ ತಾಕದಂತೆ ಪಾತ್ರೆಗೆ ಒಂದು ಉಣ್ಣೆಯ ಶಾಲು ಸುತ್ತಿ, ಒಲೆಯ ಬೆಚ್ಚನೆಯ ಮಗ್ಗುಲಿಗೆ ಇಟ್ಟೆ.